ರಿಮೋಟ್ ವಿಮಾನ ಹಾರುವಾಗ ಮೋಟರ್, ಸರ್ವೊ ಎಲ್ಲ ಒಟ್ಟಿಗೆ ಸ್ತಬ್ಧ: ಸಿಗ್ನಲ್ ತೊಂದರೆಯಾ, ಬಿಇಸಿ ತೊಂದರೆಯಾ?

ಬ್ಯಾಣದ_ಹದ್ದು:
ಆಯನೂರು ಕಡೆ ಕೊಯ್ಲಾದ ಗದ್ದೆಯಲ್ಲಿ ಹಾರಿಸೋ ಟ್ರೈನರ್ (ಕಲಿಯೋರ ರಿಮೋಟ್ ವಿಮಾನ). ರೆಕ್ಕೆ 1.2 ಮೀಟರ್, ಬ್ಯಾಟರಿ ಸೇರಿ 1.1 ಕೆ.ಜಿ. 2212 1000 ಕೆವಿ ಮೋಟರ್, 10×4.5 ಪ್ರೊಪೆಲ್ಲರ್, 3ಎಸ್ (ಮೂರು ಸೆಲ್) 2200 ಎಂಎಎಚ್ ಲಿಪೊ ಬ್ಯಾಟರಿ, 30 ಆಂಪ್ ಇಎಸ್‌ಸಿ (ಮೋಟರ್ ವೇಗ ನಿಯಂತ್ರಕ; ಅದರೊಳಗಿನ ಬಿಇಸಿ, ಅಂದರೆ ರಿಸೀವರ್, ಸರ್ವೊಗಳಿಗೆ ಕರೆಂಟ್ ಕೊಡೋ ಭಾಗ, 5 ವೋಲ್ಟ್ 2 ಆಂಪ್, ಲೀನಿಯರ್). ರೇಡಿಯೊ ಫ್ಲೈಸ್ಕೈ ಎಫ್‌ಎಸ್-ಐ6, ರಿಸೀವರ್ ಐಎ6ಬಿ. ಫ್ಲಾಪ್ (ರೆಕ್ಕೆಯ ಹಿಂಬದಿ ಇಳಿಯೋ ಪಟ್ಟಿ) ಹಾಕಿದ ಮೇಲೆ ಎಸ್‌ಜಿ90 ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸೋ ಪುಟ್ಟ ಮೋಟರ್) ಒಟ್ಟು ಆರಾದವು.

ಮೂರ್ನಾಲ್ಕು ನಿಮಿಷ ಹಾರಿದ ಮೇಲೆ, ಅಡಿಕೆ ತೋಟದ ಕಡೆ ತಿರುಗಿಸುವಾಗ ಮೋಟರ್ ನಿಲ್ಲುತ್ತೆ, ಸರ್ವೊಗಳೂ ಅಲ್ಲಾಡಲ್ಲ. ಒಂದೆರಡು ಸೆಕೆಂಡಿಗೆ ಸರಿಹೋಗುತ್ತೆ, ಆದರೆ ಥ್ರಾಟಲ್ ಪೂರ್ತಿ ಕೆಳಗೆ ಎಳೆದ ಮೇಲೇ ಮೋಟರ್ ತಿರುಗೋದು. ದೂರ ಸುಮಾರು 150 ಮೀಟರ್. ಫೇಲ್‌ಸೇಫ್ (ಸಿಗ್ನಲ್ ಹೋದಾಗ ಏನಾಗಬೇಕು ಅನ್ನೋ ಸೆಟ್ಟಿಂಗ್) ಮುಟ್ಟಿಲ್ಲ, ಆಫ್ ಇದೆ. 915 ಮೆಗಾಹರ್ಟ್ಸ್ ರೇಡಿಯೊಗೆ ಹೋಗಬೇಕಾ? ಶಿವಮೊಗ್ಗ ಪಕ್ಕದ ಸೋಗಾನೆಗೆ ವಿಮಾನ ನಿಲ್ದಾಣ ಬಂದಿರೋದರಿಂದ ನಿಯಮ ಏನು ಅನ್ನೋದನ್ನೂ ಹೇಳಿ.

ತುಂಗಾತೀರ:
ಒದ್ದೆ ಎಲೆ 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಚೆನ್ನಾಗಿ ನುಂಗುತ್ತೆ. ವಿಮಾನ ತೋಟದ ತಲೆಗಿಂತ ಕೆಳಗೆ ಇಳಿದಿದ್ದರೆ ಅದೇ ಕಾರಣ. ರಿಸೀವರಿನ ಎರಡು ಆಂಟೆನಾ ತುದಿ ಒಂದಕ್ಕೊಂದು 90 ಡಿಗ್ರಿಯಲ್ಲಿ, ಬ್ಯಾಟರಿಯಿಂದ ದೂರ ಇವೆಯಾ ನೋಡಿ.

ಸೋಲ್ಡರ್_ಹೊಗೆ:
ಆಂಟೆನಾ ನೋಡೋದು ಒಳ್ಳೇದೇ, ಆದರೆ ಇದು ಸಿಗ್ನಲ್ ತೊಂದರೆ ಅಲ್ಲ. ಐ6ರಲ್ಲಿ ಫೇಲ್‌ಸೇಫ್ ಆಫ್ ಇದ್ದರೆ ಸಿಗ್ನಲ್ ಹೋದಾಗ ಚಾನೆಲ್ ಕೊನೆಯ ಸ್ಥಿತಿಯಲ್ಲೇ ನಿಲ್ಲುತ್ತೆ, ಅಂದರೆ ಮೋಟರ್ ಓಡ್ತಾನೇ ಇರಬೇಕಿತ್ತು. ಬ್ಯಾಟರಿ ಇಳಿದು ಇಎಸ್‌ಸಿ ಮೋಟರನ್ನು ಕಡಿದಿದ್ದರೆ ಸರ್ವೊ ಕೆಲಸ ಮಾಡ್ತಿತ್ತು. ಎರಡೂ ಒಟ್ಟಿಗೆ ನಿಂತಿವೆ ಅಂದರೆ ರಿಸೀವರಿಗೆ ಹೋಗೋ 5 ವೋಲ್ಟೇ ಕುಸಿದು ಅದು ರೀಬೂಟ್ ಆಗಿದೆ.

ಲೀನಿಯರ್ ಬಿಇಸಿ ಹೆಚ್ಚುವರಿ ವೋಲ್ಟೇಜನ್ನು ಶಾಖ ಮಾಡಿ ಸುಡುತ್ತೆ. 11.5ರಿಂದ 5ಕ್ಕೆ ಇಳಿಸುವಾಗ ಸರ್ವೊಗಳು 1 ಆಂಪ್ ಎಳೆದರೆ 6.5 ವ್ಯಾಟ್ ಬಿಸಿ, ಅದೂ ಗಾಳಿಯಾಡದ ಫೋಮ್ ಡಬ್ಬಿಯೊಳಗೆ. ಮೂರ್ನಾಲ್ಕು ನಿಮಿಷ ಆದ ಮೇಲೇ ಯಾಕೆ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ಬಿಇಸಿಗೆ ಬರೆದಿರೋ 2 ಆಂಪ್ ನಂಬಬೇಡಿ. ಎಷ್ಟೋ ಇಎಸ್‌ಸಿ ಕೈಪಿಡಿಗಳೇ 3ಎಸ್‌ಗೆ ನಾಲ್ಕು ಸಣ್ಣ ಸರ್ವೊ ಸಾಕು ಅನ್ನುತ್ತವೆ. ತಿರುಗಿಸುವಾಗ ಹಲವು ಸರ್ವೊ ಒಟ್ಟಿಗೆ ಎಳೆಯುತ್ತವೆ. ಪಾಪ, ತೋಟದ ತಪ್ಪಿಲ್ಲ.

ಮೊದಲು ಪರೀಕ್ಷೆ. ಪ್ರೊಪೆಲ್ಲರ್ ಬಿಚ್ಚಿ. ಫ್ಲಾಪ್ ಇಳಿಸಿಟ್ಟು ಐದು ನಿಮಿಷ ಸ್ಟಿಕ್‌ಗಳನ್ನು ಬಿಡದೆ ಆಡಿಸುತ್ತಾ ಐ6ರ ಪರದೆಯಲ್ಲಿ ರಿಸೀವರ್ ವೋಲ್ಟೇಜ್ ನೋಡಿ. ಫ್ಲಾಪ್ ಸರ್ವೊ ತುದಿಯಲ್ಲಿ ಗುಂಯ್ ಅಂತಿದ್ದರೆ ಸರ್ವೊಗೂ ಫ್ಲಾಪಿಗೂ ನಡುವಿನ ಕಡ್ಡಿ ಬಿಗಿಯಾಗಿದೆ. ತಡೆದು ನಿಂತ ಒಂದು ಎಸ್‌ಜಿ90 ಸುಮಾರು 0.7 ಆಂಪ್ ತಿನ್ನುತ್ತೆ. ಎಂಡ್ ಪಾಯಿಂಟ್ (ಸರ್ವೊ ತಿರುಗೋ ಮಿತಿ) ಕಡಿಮೆ ಮಾಡಿ.

ತುಂಗಾತೀರ:
ಒಪ್ಪಿದೆ, ಫೇಲ್‌ಸೇಫ್ ಆಫ್ ಅನ್ನೋದನ್ನ ಗಮನಿಸಿರಲಿಲ್ಲ. ಖಾಲಿ ಚಾನೆಲ್ಲಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಾಕಾಗಲ್ವಾ?

ಸೋಲ್ಡರ್_ಹೊಗೆ:
ಕ್ಷಣಮಾತ್ರದ ಕುಸಿತಕ್ಕೆ ಸರಿ. ಬಿಸಿಯಾಗಿ ಸುಸ್ತಾದ ಬಿಇಸಿಗೆ ಅದು ಉಪಾಯ ಅಲ್ಲ. 5 ವೋಲ್ಟ್ 3 ಆಂಪ್ ಸ್ವಿಚಿಂಗ್ ಯುಬಿಇಸಿ (ಅಷ್ಟು ಬಿಸಿಯಾಗದ ಪ್ರತ್ಯೇಕ ಬಿಇಸಿ) ಹಾಕಿ: ಒಳಬರೋ ತಂತಿ ಇಎಸ್‌ಸಿಯ ಬ್ಯಾಟರಿ ತಂತಿಗೇ ಸಮಾನಾಂತರವಾಗಿ ಬೆಸುಗೆ, ಹೊರಹೋಗೋದು ರಿಸೀವರಿನ ಬ್ಯಾಟರಿ ಪೋರ್ಟಿಗೆ. ಇಎಸ್‌ಸಿಯಿಂದ ಬರೋ ಮೂರು ತಂತಿಯ ಪ್ಲಗ್‌ನಲ್ಲಿ ನಡುವಿನ ಕೆಂಪು ತಂತಿ ಹೊರತೆಗೆಯಲೇಬೇಕು, ಇಲ್ಲದಿದ್ದರೆ ಎರಡು ಬಿಇಸಿ ಒಂದಕ್ಕೊಂದು ಜಗ್ಗಾಡುತ್ತವೆ. ಕತ್ತರಿಸಬೇಡಿ, ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಎತ್ತಿದರೆ ಪಿನ್ ಜಾರಿ ಬರುತ್ತೆ, ಅದಕ್ಕೆ ಹೀಟ್‌ಶ್ರಿಂಕ್ ಹಾಕಿ ಮಡಚಿಡಿ. ಕಪ್ಪು ತಂತಿ ಹಾಗೇ ಇರಲಿ. ಯುಬಿಇಸಿಯನ್ನು ರಿಸೀವರ್ ಪಕ್ಕ ಅಂಟಿಸಬೇಡಿ.

ಫೇಲ್‌ಸೇಫನ್ನೂ ಈಗಲೇ ಹಾಕಿ. ಸಿಸ್ಟಂ ಮೆನು, ಆರ್‌ಎಕ್ಸ್ ಸೆಟಪ್, ಫೇಲ್‌ಸೇಫ್. ಥ್ರಾಟಲ್ ಸ್ಟಿಕ್ ಪೂರ್ತಿ ಕೆಳಗಿಟ್ಟು ಚಾನೆಲ್ 3 ಆನ್ ಮಾಡಿ, ಕ್ಯಾನ್ಸಲ್ ಗುಂಡಿ ಒತ್ತಿ ಹಿಡಿದು ಸೇವ್ ಮಾಡಿ. ಪ್ರೊಪೆಲ್ಲರ್ ಇಲ್ಲದೆ ಮೋಟರ್ ಓಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ಮೋಟರ್ ನಿಲ್ಲಬೇಕು.

ಗುಡ್ಡದ_ಗಾಳಿ:
ನಿಯಮದ ಬಗ್ಗೆ. 915 ಬೇಡ. ಇಲ್ಲಿ ಪರವಾನಗಿ ಬೇಡದ್ದು 2.4 ಗಿಗಾಹರ್ಟ್ಸ್ ಮತ್ತು 865ರಿಂದ 868 ಮೆಗಾಹರ್ಟ್ಸ್, 915 ಅದರಲ್ಲಿಲ್ಲ.

2021ರ ಡ್ರೋನ್ ನಿಯಮಗಳಲ್ಲಿ ರಿಮೋಟ್ ವಿಮಾನವೂ ಸೇರುತ್ತೆ. 1.1 ಕೆ.ಜಿ. ಅಂದರೆ ಮೈಕ್ರೊ (250 ಗ್ರಾಂ ಮೇಲೆ, 2 ಕೆ.ಜಿ. ತನಕ). ಹವ್ಯಾಸಕ್ಕಾದರೆ ಪೈಲಟ್ ಪ್ರಮಾಣಪತ್ರ ಬೇಡ. 25 ಕೆ.ಜಿ. ಒಳಗಿನ, ಕಣ್ಣಳತೆಯಲ್ಲೇ ಹಾರಿಸೋ ಮಾಡೆಲ್ಲಿಗೆ ಟೈಪ್ ಸರ್ಟಿಫಿಕೇಟೂ (ಆ ವಿಮಾನದ ಮಾದರಿಗೆ ಕೊಡೋ ಮಾನ್ಯತಾ ಪತ್ರ) ಬೇಡ. ನೋಂದಣಿ ಸಂಖ್ಯೆ ಮತ್ತು ಥರ್ಡ್ ಪಾರ್ಟಿ ವಿಮೆ ಬೇಕು.

ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಎತ್ತಬೇಡಿ. 8ರಿಂದ 12ರ ನಡುವೆ 60 ಮೀಟರ್ ಎತ್ತರ, ಅದರಾಚೆ ಹಸಿರು (ಮುಂಗಡ ಅನುಮತಿ ಬೇಡದ) ವಲಯದಲ್ಲಿ 120 ಮೀಟರ್. ಆಯನೂರು 12ರ ಆಚೆಗೇ ಬೀಳುತ್ತೆ. ನಿಮಗೆ ಸೋಗಾನೆಗಿಂತ ಶೆಟ್ಟಿಹಳ್ಳಿ ಅಭಯಾರಣ್ಯದ ಗಡಿಯೇ ಹತ್ತಿರ. ಅದರೊಳಗೆ ಅರಣ್ಯ ಇಲಾಖೆ ಅನುಮತಿಯಿಲ್ಲದೆ ಹಾರಿಸುವ ಹಾಗಿಲ್ಲ. ಹೋಗೋ ದಿನ ಡಿಜಿಟಲ್ ಸ್ಕೈ (ಸರ್ಕಾರದ ಡ್ರೋನ್ ಜಾಲತಾಣ) ನಕ್ಷೆ ನೋಡಿ, ವಲಯಗಳು ಬದಲಾಗ್ತಿರುತ್ತವೆ.

ಬ್ಯಾಣದ_ಹದ್ದು:
ಪರೀಕ್ಷೆ ಆಯ್ತು. ಶುರುವಿಗೆ 5.0, ನಾಲ್ಕನೇ ನಿಮಿಷಕ್ಕೆ 4.1, ಆಮೇಲೆ ಎಲ್ಲ ಸ್ತಬ್ಧ. ಎಡ ಫ್ಲಾಪ್ ಕಡ್ಡಿ ಬಿಗಿ ಇತ್ತು. ಅದನ್ನು ಸಡಿಲಿಸಿದ ಮೇಲೆ 4.6ಕ್ಕಿಂತ ಇಳೀಲಿಲ್ಲ. ಯುಬಿಇಸಿ ಇಲ್ಲದೆ ಹಾರಿಸಬಹುದಾ?

ಸೋಲ್ಡರ್_ಹೊಗೆ:
ಬೇಡ. ಮೇಜಿನ ಮೇಲೆ ರೆಕ್ಕೆಗೆ ಗಾಳಿಯ ಒತ್ತಡ ಇಲ್ಲ, ಮೇಲೆ ಹೋದಾಗ ಇದೇ 4.6 ಇನ್ನೂ ಕೆಳಗಿಳಿಯುತ್ತೆ.