ಫಸ್ಟ್ ಪಿಯು ಕೆಮಿಸ್ಟ್ರಿ: ಮಗಳಿಗೆ ಹೆಸರುಗಳೇ ತಲೆಗೆ ಹತ್ತುತ್ತಿಲ್ಲ, ಟ್ಯೂಷನ್‌ಗೆ ಸೇರಿಸಲಾ?

ಗುಬ್ಬಿ ಅಪ್ಪ:
ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ತುಮಕೂರಲ್ಲಿ ಫಸ್ಟ್ ಪಿಯು ಸೈನ್ಸ್. ಕೆಮಿಸ್ಟ್ರಿ ಮೊದಲ ಟೆಸ್ಟಲ್ಲಿ 25ಕ್ಕೆ 6. ಅಲ್ಯೂಮಿನಿಯಂ ಸಲ್ಫೇಟ್ ಅಂತ ಬರೆಯಬೇಕಾದ ಕಡೆ 'ಡೈ ಅಲ್ಯೂಮಿನಿಯಂ ಟ್ರೈ ಸಲ್ಫೇಟ್' ಅಂತ ಬರೆದಿದ್ದಾಳೆ. ಸಮೀಕರಣ ಸರಿದೂಗಿಸುವುದೂ ಅಷ್ಟಕ್ಕಷ್ಟೇ. ಟ್ಯೂಷನ್‌ನವರು ವರ್ಷಕ್ಕೆ 28 ಸಾವಿರ ಕೇಳುತ್ತಿದ್ದಾರೆ, ಸೋಮವಾರ ಅಡ್ವಾನ್ಸ್ ಕಟ್ಟಬೇಕು. ಅನುಭವ ಇರುವವರು ಹೇಳಿ.

ಗೌರಿಬಿದನೂರು ಅಮ್ಮ:
ಕಟ್ಟಬೇಡಿ. ನಾನು 42 ಸಾವಿರ ಕಟ್ಟಿ ಕೂತಿದ್ದೇನೆ. ಮೊದಲ ಕಂತು 20, ಎರಡನೆಯದು 15, ಪುಸ್ತಕದ ಹೆಸರಲ್ಲಿ 7. ಜೊತೆಗೆ ಒಂದು ಟೀ ಶರ್ಟು ಫ್ರೀ. ಅದು ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ನನ್ನ ಎರಡು ಸೀರೆ ಹಾಳಾಯಿತು. ಒಂದು ರೂಮಲ್ಲಿ 90 ಮಕ್ಕಳು. ಮೂರು ತಿಂಗಳಾದ ಮೇಲೆ ಮಗನ ನೋಟ್ಸ್ ತೆಗೆದು ನೋಡಿದರೆ, ಸಮೀಕರಣ ಸರಿ ಮಾಡಲು ಅಕ್ಷರದ ಕೆಳಗಿನ ಸಣ್ಣ ಅಂಕಿಯನ್ನೇ ತಿದ್ದಿದ್ದಾನೆ. ನೀರಿನಲ್ಲಿ ಆಕ್ಸಿಜನ್ ಸಾಲಲಿಲ್ಲ ಅಂತ ಇನ್ನೊಂದು ಸೇರಿಸಿದ್ದಾನೆ. ಅದು ನೀರಾಗಿ ಉಳಿಯುತ್ತದಾ? ಹೈಡ್ರೋಜನ್ ಪೆರಾಕ್ಸೈಡ್ ಆಯಿತು! ಮುಂದೆ ಅಂಕಿ ಹಾಕಬೇಕು, ಒಳಗೆ ಕೈ ಹಾಕಬಾರದು ಅಂತ ಆ 90 ಮಕ್ಕಳಲ್ಲಿ ಇವನಿಗೆ ಯಾರೂ ಹೇಳಿರಲಿಲ್ಲ. ದುಡ್ಡು ವಾಪಸ್ ಕೇಳಿದೆ. ರಸೀದಿಯ ಹಿಂದೆ ತೋರಿಸಿದರು, ಇರುವೆ ಗಾತ್ರದ ಅಕ್ಷರ. ಕೊನೆಗೆ ಪಕ್ಕದ ಮನೆಯ ಬಿಎಸ್ಸಿ ಹುಡುಗಿ ನಾಲ್ಕು ಭಾನುವಾರ ಕೂರಿಸಿಕೊಂಡು ಹೇಳಿಕೊಟ್ಟಳು. ಅವಳಿಗೆ ಕೊಟ್ಟಿದ್ದು ಒಂದು ಡಬ್ಬಿ ಚಕ್ಕುಲಿ.

ಕೋಲಾರದ ಹಳೇ ಮೇಷ್ಟ್ರು:
ಟ್ಯೂಷನ್ ಅಲ್ಲ ಸ್ವಾಮಿ, ಬಾಯಿಪಾಠ. 31 ವರ್ಷ ಪಾಠ ಮಾಡಿದವನು ಹೇಳುತ್ತಿದ್ದೇನೆ. ಅಯಾನುಗಳ, ಅಂದರೆ ಚಾರ್ಜ್ ಇರುವ ಕಣಗಳ ಪಟ್ಟಿ ಮಗ್ಗಿಯ ಹಾಗೆ ಬರಬೇಕು. ಸಲ್ಫೈಡ್ ಅಂದರೆ ಬರೀ ಗಂಧಕ. ಸಲ್ಫೈಟ್‌ನಲ್ಲಿ ಆಮ್ಲಜನಕ ಮೂರು, ಸಲ್ಫೇಟ್‌ನಲ್ಲಿ ನಾಲ್ಕು. ಡೈ, ಟ್ರೈ ಎಲ್ಲ ಅಲೋಹ ಅಲೋಹ ಕೂಡಿದಾಗ ಮಾತ್ರ, ಕಾರ್ಬನ್ ಡೈಆಕ್ಸೈಡ್ ಇದ್ದ ಹಾಗೆ. ಅಲ್ಯೂಮಿನಿಯಂ ಚಾರ್ಜ್ ಯಾವಾಗಲೂ ಮೂರು, ಸಲ್ಫೇಟ್ ಚಾರ್ಜ್ ಎರಡು, ಎಷ್ಟೆಷ್ಟು ಬೇಕೆಂದು ಲೆಕ್ಕವೇ ಹೇಳುತ್ತದೆ. ಹೆಸರಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ. ನಮ್ಮ ಕಾಲದಲ್ಲಿ ಫೆರಸ್, ಫೆರಿಕ್ ಅಂದರೆ ನಿದ್ದೆಯಲ್ಲೂ ಹೇಳುತ್ತಿದ್ದರು. ಈಗಿನವರಿಗೆ ಮೊಬೈಲು.

ಚಿಂತಾಮಣಿ ಹುಡುಗ:
ಸರ್, ಫೆರಿಕ್ ಅಂತ ಮಾತ್ರ ಕಲಿಸಿದ್ದಕ್ಕೇ ನಾನು ಕಾಲೇಜಲ್ಲಿ ಕಷ್ಟಪಟ್ಟಿದ್ದು. ಈಗ ಐರನ್ ತ್ರೀ ಕ್ಲೋರೈಡ್ ಅಂತಾರೆ. ಕಬ್ಬಿಣದ ಚಾರ್ಜ್ ಎಷ್ಟು ಅಂತ ಹೆಸರಲ್ಲೇ ಇರುತ್ತದೆ. ಫೆರಿಕ್‌ನಲ್ಲಿ ಮೂರು, ತಾಮ್ರದ ಕ್ಯೂಪ್ರಿಕ್‌ನಲ್ಲಿ ಎರಡು. ಎರಡಕ್ಕೂ 'ಇಕ್', ಅಂಕಿ ಬೇರೆ. ಯಾವ ಮಗ್ಗಿ ಇದು?

ಕೋಲಾರದ ಹಳೇ ಮೇಷ್ಟ್ರು:
ಲೋಹಕ್ಕಿರುವ ಎರಡರಲ್ಲಿ ಹೆಚ್ಚಿನದು 'ಇಕ್', ಕಡಿಮೆಯದು 'ಅಸ್'. ಇಷ್ಟೂ ಗೊತ್ತಿಲ್ಲದವರು ಡಿಗ್ರಿ ಮಾಡಿದ್ದೀರಿ.

ಚಿಂತಾಮಣಿ ಹುಡುಗ:
ಗೊತ್ತಿದ್ದೇ ಕೇಳಿದ್ದು ಸರ್. ಗದರಬೇಡಿ, ಇದು ಕ್ಲಾಸ್ ಅಲ್ಲ.

ನಂದಿ ಕಡೆ ದ್ರಾಕ್ಷಿ ತೋಟ:
ಜಗಳ ಬಿಡಿ. ಕೆಮಿಸ್ಟ್ರಿ ನನಗೆ ತಿಳಿದಿದ್ದು 1 ಲಕ್ಷ 10 ಸಾವಿರ ಕಳೆದ ಮೇಲೆ. ಬೂಜು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಒಂದು ಪರ್ಸೆಂಟಿಗೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ (ಅದೇ ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಆ ವರ್ಷ ಮನೆ ಮೂಲೆಯಲ್ಲಿ ಬಾಯಿ ತೆರೆದೇ ಇದ್ದ ಹಳೇ ಸುಣ್ಣದ ಚೀಲ ಹಾಕಿದೆ. ಮೂರೇ ದಿನ, ಎಲೆಯೆಲ್ಲ ಸುಟ್ಟ ಹಾಗಾಯಿತು. ಎಂಟು ಸಾಲು ದಿಲ್‌ಖುಷ್ ದ್ರಾಕ್ಷಿ ಹೋಯಿತು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸೀಮೆಸುಣ್ಣದ ಜಾತಿಗೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ತಿರುಗಿತ್ತು. ಮೈಲುತುತ್ತದ ಖಾರ ಮುರಿಯುವ ಶಕ್ತಿ ಅದಕ್ಕಿರಲಿಲ್ಲ.

ಈಗ ಹೊಡೆಯುವ ಮೊದಲು ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ಒಂದು ನಿಮಿಷ ಹಿಡಿಯುತ್ತೇನೆ. ತೆಗೆದಾಗ ಅಲಗಿನ ಮೇಲೆ ಕೆಂಪು ಪೊರೆ ಕೂತಿದ್ದರೆ ಅದು ತಾಮ್ರ. ಕಬ್ಬಿಣ ತಾನು ನೀರಿಗಿಳಿದು ತಾಮ್ರವನ್ನು ಹೊರಗೆ ಹಾಕಿದೆ ಅಂತ ಅರ್ಥ. ಇನ್ನೂ ಸುಣ್ಣ ಬೇಕು. ಸ್ಥಾನಪಲ್ಲಟ ಅಂತ ಶಾಲೆಯಲ್ಲಿ ಹತ್ತು ಸಲ ಬರೆಸಿದ್ದರು. ತಲೆಗೆ ಹೋಗಿದ್ದು ಆ ಚಾಕುವಿನಿಂದ. ಕಬ್ಬಿಣದ ಬಕೆಟ್‌ನಲ್ಲಿ ಮಾತ್ರ ಕಲಸಬೇಡಿ, ಬಕೆಟ್ಟೇ ತೂತು ಬೀಳುತ್ತದೆ.

ಶಿಡ್ಲಘಟ್ಟ ಹುಳು ಮನೆ:
ದ್ರಾಕ್ಷಿಯವರೇ, ನೀವು ಹೊಡೆದಿದ್ದು ಗಾಳಿಗೆ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದಲ್ಲ, ಅದಕ್ಕೇನು ಹೆಸರು? ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆ ಹುಳು, 100 ಚಿಟ್ಟೆಗಳ ಮೊಟ್ಟೆಯ ಬ್ಯಾಚು, ಒಂದೇ ರಾತ್ರಿ ಬಾಡಿ ಹೋಯಿತು. ಗೂಡು ಕಟ್ಟಲು ವಾರವಿತ್ತು ಅಷ್ಟೇ.

ಮಕ್ಕಳ ವಿಷಯಕ್ಕೆ ಬಂದರೆ, ಹೆಸರು ಗೊತ್ತಿಲ್ಲದಿದ್ದರೆ ಪ್ರಾಣಕ್ಕೇ ಬರುತ್ತದೆ. ಹುಳು ಮನೆ ತೊಳೆಯಲು 2 ಪರ್ಸೆಂಟ್ ಬ್ಲೀಚಿಂಗ್ ಪೌಡರ್ ಇಟ್ಟಿದ್ದೆವು. ಮಗ ಚರಂಡಿಯ ಕೊಳೆ ಬಿಡಲಿ ಅಂತ ಅದರ ಮೇಲೇ ಟಾಯ್ಲೆಟ್ ಆಸಿಡ್ ಸುರಿದ. ಕ್ಲೋರಿನ್ ಎದ್ದಿತು. ಕಣ್ಣಲ್ಲಿ ನೀರು, ಕೆಮ್ಮು, ಆಸ್ಪತ್ರೆಗೆ 4,200. ಅವನಿಗೆ ಸೆಕೆಂಡ್ ಪಿಯುನಲ್ಲಿ ಕೆಮಿಸ್ಟ್ರಿ 81 ಬಂದಿತ್ತು, ಗೊತ್ತಾ? ಡಬ್ಬಿಯ ಮೇಲಿದ್ದ ಹೈಡ್ರೋಕ್ಲೋರಿಕ್ ಅನ್ನುವ ಪದ ಓದಲಿಲ್ಲ ಅಷ್ಟೇ.

ನಂದಿ ಕಡೆ ದ್ರಾಕ್ಷಿ ತೋಟ:
ನಮ್ಮ ಮೇಲೆ ಯಾಕೆ ಹಾಕುತ್ತೀರಿ? ಬೆಳಗ್ಗೆ ಆರಕ್ಕೆ, ಗಾಳಿ ಇಲ್ಲದಾಗ ಹೊಡೆಯುತ್ತೇವೆ. ನಿಮ್ಮ ಸೊಪ್ಪಿಗೆ ಟೊಮೆಟೊದವರ ಔಷಧಿ ಬಂದಿರಬಹುದು.

ಶಿಡ್ಲಘಟ್ಟ ಹುಳು ಮನೆ:
ಟೊಮೆಟೊ ನಮ್ಮ ಕಡೆ ಪಡುವಣಕ್ಕಿದೆ. ಆವತ್ತು ಗಾಳಿ ಮೂಡಣದಿಂದ. ಮೂಡಣಕ್ಕಿರುವುದು ದ್ರಾಕ್ಷಿ.

ಕೋಲಾರದ ಹಳೇ ಮೇಷ್ಟ್ರು:
ಚಾಕುವಿನ ಮಾತು ಚೆನ್ನಾಗಿದೆ. ನಮ್ಮ ಕೆಜಿಎಫ್ ಕಡೆಯ ಮಕ್ಕಳಿಗೆ ನಾನು ಚಿನ್ನದಿಂದಲೇ ಶುರು ಮಾಡುತ್ತಿದ್ದೆ. ಅರೆದ ಅದಿರಿಗೆ ಸೋಡಿಯಂ ಸಯನೈಡ್ ನೀರು ಹಾಕಿ ಗಾಳಿ ಸಿಗುವ ಹಾಗೆ ಬಿಟ್ಟರೆ ಚಿನ್ನ ಕರಗುತ್ತದೆ. ಆಮೇಲೆ ಸತು ಹಾಕಿದರೆ ಚಿನ್ನ ಹೊರಗೆ, ಸತು ಒಳಗೆ. ಗಣಿ 2001ರಲ್ಲಿ ಮುಚ್ಚಿತು, ಸಯನೈಡ್ ದಿಬ್ಬಗಳು ಈಗಲೂ ಇವೆ. ಆದರೂ ಪಟ್ಟಿ ಬಾಯಿಗೆ ಬರಲೇಬೇಕು.

ಚಿಂತಾಮಣಿ ಹುಡುಗ:
ಪಟ್ಟಿಯಲ್ಲಿ ಇರೋದು ಆಮ್ಲಜನಕ, ಪರೀಕ್ಷೆಯಲ್ಲಿ ಕೇಳೋದು ಆಕ್ಸಿಜನ್. ಗುಬ್ಬಿಯವರ ಮಗಳ ಕಷ್ಟ ಅದೂ ಇರಬಹುದಲ್ವಾ?

ಗೌರಿಬಿದನೂರು ಅಮ್ಮ:
ಕನ್ನಡ ಮೀಡಿಯಂ ಅನ್ನೋದನ್ನ ಮಧ್ಯಕ್ಕೆ ತರಬೇಡಿ. ನನ್ನ ಮಗ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಅವನೇ ನೀರನ್ನು ಪೆರಾಕ್ಸೈಡ್ ಮಾಡಿದ್ದು.

ಗುಬ್ಬಿ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಕಡೆ ದ್ರಾಕ್ಷಿನೂ ಇಲ್ಲ, ಹುಳುನೂ ಇಲ್ಲ, ಅಡಿಕೆ ತೋಟ. ಸುಮ್ನೆ ಒಂದು ಮಾತು ಹೇಳಿ, ಸೋಮವಾರ ಅಡ್ವಾನ್ಸ್ ಕಟ್ಟಲಾ ಬೇಡ್ವಾ?

ನಂದಿ ಕಡೆ ದ್ರಾಕ್ಷಿ ತೋಟ:
ಅಡಿಕೆನಾ? ಕೊಳೆ ರೋಗಕ್ಕೆ ನೀವೂ ಬೋರ್ಡೋ ಹೊಡೀತೀರಲ್ಲ! ಸುಣ್ಣ ಎಲ್ಲಿಂದ ತರಿಸ್ತೀರಿ, ಚೀಲಕ್ಕೆ ಎಷ್ಟು ಬೀಳುತ್ತೆ?