ಅಪ್‌ಡೇಟ್: ಕಿರೀಟದಲ್ಲಿ ಹಡಗಿದ್ದ ಆ ರೋಮನ್ ನಾಣ್ಯ

ಕಳೆದ ತಿಂಗಳು 28 ಮಿ.ಮೀ. ಅಗಲದ, ಸವೆದ ತಾಮ್ರದ ರೋಮನ್ ನಾಣ್ಯವೊಂದರ ಚಿತ್ರ ಹಾಕಿ, ಇದು ಯಾವ ಚಕ್ರವರ್ತಿಯದು ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ. ಚಕ್ರವರ್ತಿಯದೇ ಅಲ್ಲ! ಮಾರ್ಕಸ್ ಅಗ್ರಿಪ್ಪನದು, ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಗೆಳೆಯ, ಅಳಿಯ, ಕ್ರಿ.ಪೂ. 31ರ ಆಕ್ಟಿಯಮ್ ನೌಕಾಯುದ್ಧವನ್ನು ಗೆದ್ದುಕೊಟ್ಟ ಸೇನಾನಿ.

ನನ್ನನ್ನು ದಾರಿ ತಪ್ಪಿಸಿದ್ದು ಕಿರೀಟ. ಅದರ ಮೊನೆಗಳನ್ನು ಸೂರ್ಯಕಿರಣಗಳೆಂದು ಭಾವಿಸಿ, ಅಂಥ ಕಿರೀಟ ತೊಟ್ಟ ಮೂರನೇ ಶತಮಾನದ ಅರಸರ ನಡುವೆ ಹುಡುಕುತ್ತಿದ್ದೆ. ನಿಮ್ಮಲ್ಲೊಬ್ಬರು ಹೇಳಿದಂತೆ ದೀಪವನ್ನು ಪಕ್ಕದಿಂದ ತಗ್ಗಿಸಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಹಣೆಯ ಮೇಲೆ ಪುಟ್ಟದೊಂದು ಹಡಗಿನ ಮೂತಿ ಎದ್ದು ಬಂತು! ನೌಕಾ ವಿಜಯದ ಕಿರೀಟ ಅದು. ಅಂಚಿನಲ್ಲಿ ಉಳಿದಿದ್ದ ‘ಎಲ್ ಎಫ್’ ಅಕ್ಷರಗಳ ಅರ್ಥ ‘ಲೂಸಿಯಸ್‌ನ ಮಗ’. ರೋಮ್‌ನ ಪ್ರಾಚೀನ ದೇಗುಲ ಪ್ಯಾಂಥಿಯನ್‌ನ ಮುಂಭಾಗದ ಶಾಸನದಲ್ಲೂ ಅಗ್ರಿಪ್ಪನ ಹೆಸರು ಹೀಗೆಯೇ ಇದೆ. ಹಿಂಬದಿಯಲ್ಲಿ ನಿಂತವನು ರೋಮನ್ನರ ಸಮುದ್ರದೇವ ನೆಪ್ಚೂನ್. ನಾನು ಹಕ್ಕಿ ಎಂದುಕೊಂಡದ್ದು ಅವನ ಕೈಯಲ್ಲಿರುವ ಡಾಲ್ಫಿನ್.

ಅಗ್ರಿಪ್ಪ ತೀರಿಕೊಂಡದ್ದು ಕ್ರಿ.ಪೂ. 12ರಲ್ಲಿ. ಆದರೆ ಈ ನಾಣ್ಯಗಳನ್ನು ಟಂಕಿಸಿದ್ದು ಅವನ ಮಗಳ ಮಗ, ಚಕ್ರವರ್ತಿ ಕಲಿಗುಲನ ಆಳ್ವಿಕೆಯಲ್ಲಿ, ಕ್ರಿ.ಶ. 37–41ರ ನಡುವೆ ಎಂಬುದು ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಗ್ರಿಪ್ಪನ ಕುಲ ಸಾಮಾನ್ಯದ್ದೆಂದು ಅವನ ಮೊಮ್ಮಗ ಎನಿಸಿಕೊಳ್ಳಲು ಕಲಿಗುಲ ಇಷ್ಟಪಡುತ್ತಿರಲಿಲ್ಲ ಎಂದು ರೋಮನ್ ಚರಿತ್ರಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಹಾಗಿದ್ದರೆ ತಾತನ ಮುಖವನ್ನು ಇಷ್ಟು ಅಕ್ಕರೆಯಿಂದ ಅಚ್ಚೊತ್ತಿಸಿದ್ದೇಕೆ? ನನಗಂತೂ ನಾಣ್ಯದ ಸಾಕ್ಷ್ಯವೇ ಹೆಚ್ಚು ಗಟ್ಟಿ ಎನಿಸುತ್ತದೆ.

ನಾಣ್ಯದ ಮೇಲಿನ ಹಸಿರು ಪದರವನ್ನು ಉಜ್ಜಬೇಡಿ ಎಂದವರಿಗೆ ವಿಶೇಷ ಕೃತಜ್ಞತೆ. ಉಜ್ಜಿದ್ದರೆ ಆ ಹಡಗೂ ಹೋಗಿಬಿಡುತ್ತಿತ್ತು.