ಒಂಬತ್ತು, ಹತ್ತನೇ ತರಗತಿ ಗಣಿತ: ಅಂಗಡಿ ಚಾರ್ಟ್ ಬಿಟ್ಟು ಬೇರೆ ಯಾವ ಪ್ರಾಜೆಕ್ಟ್ ಮಾಡಿಸಬಹುದು?

ಮುಂಡರಗಿ ಗಣಿತ ಟೀಚರ್

ಎಲ್ಲರಿಗೂ ನಮಸ್ಕಾರ. ಮುಂಡರಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕನ್ನಡ ಮಾಧ್ಯಮ. ಒಂಬತ್ತು, ಹತ್ತು ಎರಡೂ ತರಗತಿ ನನ್ನವೇ.

ನಮ್ಮ ಮಕ್ಕಳು ಪ್ರಮೇಯಗಳನ್ನು ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಅಚ್ಚುಕಟ್ಟಾಗಿ ಬರೆಯುತ್ತಾರೆ. ಆದರೆ ಎಬಿಸಿ ತ್ರಿಭುಜದ ಬದಲು ಪಿಕ್ಯೂಆರ್ ಕೊಟ್ಟರೆ, ಇಲ್ಲವೇ ಅದೇ ತ್ರಿಭುಜವನ್ನು ತಲೆಕೆಳಗಾಗಿ ಬರೆದುಕೊಟ್ಟರೆ ಪೆನ್ನು ಅಲ್ಲೇ ನಿಲ್ಲುತ್ತದೆ. ಬೀಜಗಣಿತದ ಕಥೆಯೂ ಅಷ್ಟೇ. ವರ್ಗಪೂರ್ಣಗೊಳಿಸುವ ವಿಧಾನದಲ್ಲಿ "ಎಕ್ಸ್‌ನ ಸಹಗುಣಕದ ಅರ್ಧದ ವರ್ಗವನ್ನು ಎರಡೂ ಕಡೆ ಕೂಡಿಸು" ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಅರ್ಧ ಯಾಕೆ, ವರ್ಗ ಯಾಕೆ ಅಂತ ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ.

ಇನ್ನು ಪ್ರಾಜೆಕ್ಟ್. ಪ್ರತಿ ವರ್ಷ ಅದೇ ಥರ್ಮಾಕೋಲ್ ಮೇಲಿನ ಪೈಥಾಗೊರಸ್, ಅದೇ ಸ್ಟೇಷನರಿ ಅಂಗಡಿಯ ಸೂತ್ರಗಳ ಚಾರ್ಟ್. ಪಾಲಕರ ದುಡ್ಡು ಖರ್ಚು, ಮಗು ಕಲಿತದ್ದು ಏನೂ ಇಲ್ಲ. ಕಂಪಾಸ್ ಬಾಕ್ಸ್, ಹಳೆಯ ರಟ್ಟು, ದಾರ ಇಷ್ಟರಲ್ಲೇ ಆಗುವಂಥ, ಮಕ್ಕಳೇ ಲೆಕ್ಕ ಹಾಕಬೇಕಾದ ಪ್ರಾಜೆಕ್ಟ್ ಇದ್ದರೆ ಹೇಳಿ. ರೇಖಾಗಣಿತವೂ ಬೀಜಗಣಿತವೂ ಒಂದೇ ಕೆಲಸದಲ್ಲಿ ಬಂದರೆ ಇನ್ನೂ ಒಳ್ಳೆಯದು. ಕನ್ನಡದಲ್ಲಿ ಸಿಗುವ ಪಾಠ ಸಾಮಗ್ರಿಗಳನ್ನೂ ತಿಳಿಸಿ. ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ಇದೆ, ನೆಟ್‌ವರ್ಕ್ ಬಂದರೆ ಬಂತು.

ಗದಗ ಮಾಸ್ತರ (ನಿವೃತ್ತ)

ಮೇಡಂ, ನಮಸ್ಕಾರ್ರಿ. ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷ ಆತು. ಅರ್ಧ ಯಾಕೆ ಅನ್ನೋದರಿಂದಲೇ ಶುರು ಮಾಡತೀನಿ, ಅದಕ್ಕೆ ಬೇಕಾಗೋದು ಒಂದು ಕತ್ತರಿ ಅಷ್ಟೇ.

ಎಕ್ಸ್ ವರ್ಗ + 10 ಎಕ್ಸ್ = 39 ಅಂತ ಸಮೀಕರಣ ಬರೀರಿ. ಒಂಬತ್ತನೇ ಶತಮಾನದಾಗ ಬಾಗ್ದಾದಿನ ಅಲ್-ಖ್ವಾರಿಜ್ಮಿ ಚಿತ್ರ ಬರೆದು ಬಿಡಿಸಿದ ಲೆಕ್ಕ ಇದು. ಪ್ರತಿ ಮಗು ರಟ್ಟಿನಾಗ ಒಂದು ಚೌಕ ಕತ್ತರಿಸಲಿ, ಅದರ ಬಾಹು ಎಕ್ಸ್. ಆಮೇಲೆ ಅಷ್ಟೇ ಉದ್ದ, 10 ಅಗಲದ ಒಂದು ಆಯತ. ಈ ಆಯತವನ್ನ ಉದ್ದಕ್ಕ ಸೀಳಿ ಎರಡು ಪಟ್ಟಿ ಮಾಡಿಸ್ರಿ, ಒಂದೊಂದು 5 ಅಗಲ. ಒಂದನ್ನ ಚೌಕದ ಬಲಕ್ಕ, ಇನ್ನೊಂದನ್ನ ಕೆಳಗ ಜೋಡಿಸಿದರ ಮೂಲ್ಯಾಗ ಒಂದು ಚೌಕದ ಜಾಗ ಖಾಲಿ ಉಳೀತದ. ಅದರ ಅಳತೆ 5 ಗುಣಿಸು 5. ಅದನ್ನ ತುಂಬಿದರ 39 + 25 = 64, ದೊಡ್ಡ ಚೌಕದ ಬಾಹು 8, ಎಕ್ಸ್ ಅಂದರ 3. ಎರಡು ಕಡೆ ಜೋಡಿಸಬೇಕು, ಅದಕ್ಕ ಅರ್ಧ. ಮೂಲಿ ತುಂಬಬೇಕು, ಅದಕ್ಕ ವರ್ಗ. ಇದನ್ನ ಕೈಯಾರೆ ಮಾಡಿದ ಹುಡುಗ ಮತ್ತ ಮರೆಯೂದಿಲ್ಲ. −13 ಅನ್ನೋ ಇನ್ನೊಂದು ಮೂಲ ರಟ್ಟಿನಾಗ ಸಿಗೂದಿಲ್ಲ, ಬೀಜಗಣಿತದಾಗ ಸಿಗತದ. ಈ ಮಾತನ್ನೂ ಅವತ್ತೇ ಹೇಳಿಬಿಡ್ರಿ.

ವರ್ಗಸಮೀಕರಣದ ಶೋಧಕ, ಅಂದರ ಸೂತ್ರದಾಗ ವರ್ಗಮೂಲದ ಒಳಗ ಬರೋ ಬಿ ವರ್ಗ − 4 ಎಸಿ, ಸೊನ್ನೆಗಿಂತ ಕಡಿಮೆ ಆದರ ವಾಸ್ತವ ಮೂಲ ಇಲ್ಲ ಅಂತ ಹೇಳೋ ದಿನ ಮಹಾವೀರಾಚಾರ್ಯರ ಹೆಸರು ತಗೀರಿ. ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಸುಮಾರು 850ರಲ್ಲಿ ಬರೆದ ಗಣಿತಸಾರಸಂಗ್ರಹದಾಗ, ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ ಸ್ಪಷ್ಟ ಹೇಳ್ಯಾರ. ನಮ್ಮ ನಾಡಿನ ಒಬ್ಬರು ಇದನ್ನ ಅಷ್ಟು ಹಿಂದೆ ಯೋಚಿಸಿದ್ದರು ಅಂತ ಗೊತ್ತಾದರ ಮಕ್ಕಳು ಕಿವಿ ನಿಮಿರಿಸಿ ಕೇಳತಾರ.

ಭಾಸ್ಕರಾಚಾರ್ಯರ ಲೀಲಾವತಿಯ ನವಿಲು-ಹಾವಿನ ಲೆಕ್ಕ ಸಹ ಬಿಡಬ್ಯಾಡ್ರಿ. 9 ಮೊಳ ಎತ್ತರದ ಕಂಬದ ಮ್ಯಾಲೆ ನವಿಲು. ಕಂಬದ ಬುಡದಾಗ ಹಾವಿನ ಬಿಲ. 27 ಮೊಳ ದೂರದಿಂದ ಹಾವು ಬಿಲದ ಕಡೆ ಹೊಂಟದ, ನವಿಲು ಓರೆಯಾಗಿ ಎರಗತದ. ಎರಡೂ ಸಾಗಿದ ದೂರ ಸಮ. ಬಿಲದಿಂದ ಎಷ್ಟು ದೂರದಾಗ ಹಿಡೀತು? ಚಿತ್ರ ಬರೆದು ಬಿಲದಿಂದ ದೂರ ಎಕ್ಸ್ ಅಂತ ಇಟ್ಟರ 81 + ಎಕ್ಸ್ ವರ್ಗ = (27 − ಎಕ್ಸ್) ವರ್ಗ. ನೋಡಾಕ ವರ್ಗಸಮೀಕರಣ, ಬಿಡಿಸಿದಾಗ ಎಕ್ಸ್ ವರ್ಗ ಎರಡೂ ಕಡೆಯಿಂದ ಹೋಗಿ 54 ಎಕ್ಸ್ = 648 ಉಳೀತದ. ಉತ್ತರ 12 ಮೊಳ. ಪೈಥಾಗೊರಸ್ ಮತ್ತು ಸಮೀಕರಣ ಒಂದೇ ಪುಟದಾಗ ಬಂದವು.

ಈಗ ಪ್ರಾಜೆಕ್ಟ್. ಮೇಡಂ, ನಿಮ್ಮ ತಾಲ್ಲೂಕಿನಾಗೇ ಡಂಬಳ ಐತಿ! ದೊಡ್ಡಬಸಪ್ಪ ಗುಡಿಗಿಂತ ದೊಡ್ಡ ಗಣಿತ ಪ್ರಯೋಗಾಲಯ ನಮಗ ಎಲ್ಲಿ ಸಿಗಬೇಕು? ಹನ್ನೆರಡನೇ ಶತಮಾನದ ಕಲ್ಯಾಣ ಚಾಲುಕ್ಯರ ಗುಡಿ. ಗರ್ಭಗುಡಿಯ ಹೊರಗೋಡೆಯ ತಳವಿನ್ಯಾಸ 24 ಮೂಲೆಯ ನಕ್ಷತ್ರ. ಒಂದು ಚೌಕವನ್ನ ಅದರ ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಹೋಗ್ರಿ, ಆರು ಚೌಕ ಆದಾಗ 24 ಮೂಲೆ ಬರತಾವ, ಪ್ರತಿ ಮೂಲೆಯೂ 90 ಡಿಗ್ರಿ. ಇದನ್ನ ಹಾಳಿ ಮ್ಯಾಲೆ ಕೈವಾರ, ಸ್ಕೇಲ್ ಎರಡರಿಂದಲೇ ಬರೆಸ್ರಿ, ಕೋನಮಾಪಕ ಕೊಡಬ್ಯಾಡ್ರಿ. 60 ಡಿಗ್ರಿ ರಚಿಸಿ ಅರ್ಧಿಸಿದರ 30, ಮತ್ತೊಮ್ಮೆ ಅರ್ಧಿಸಿದರ 15.

ಆಮೇಲೆ ಬೀಜಗಣಿತ. ನಕ್ಷತ್ರಕ್ಕ ಎನ್ ಚೂಪು ಮೂಲೆ ಅದಾವ ಅಂತಿಟ್ಟುಕೊಳ್ರಿ. ಒಳಸಂದಿಗಳೂ ಎನ್, ಅಂದರ ಒಟ್ಟು 2 ಎನ್ ಶೃಂಗದ ಬಹುಭುಜಾಕೃತಿ. ಒಳಕೋನಗಳ ಮೊತ್ತ (2 ಎನ್ − 2) × 180. ಅದರಾಗ ಚೂಪು ಮೂಲೆಗಳ 90 ಎನ್ ಕಳೆದು ಉಳಿದದ್ದನ್ನ ಎನ್‌ನಿಂದ ಭಾಗಿಸಿದರ ಒಂದೊಂದು ಸಂದಿಯ ಒಳಕೋನ 270 − 360/ಎನ್. ಹೊರಗ ನಿಂತವರಿಗೆ ಕಾಣೋದು 360ರಲ್ಲಿ ಉಳಿದ ಭಾಗ, ಅಂದರ 90 + 360/ಎನ್. ಡಂಬಳಕ್ಕ ಇದು 105 ಡಿಗ್ರಿ. ವಿಜಯಪುರದ ಗೋಳಗುಮ್ಮಟದಾಗ ಗುಮ್ಮಟ ಹೊತ್ತ ಕಮಾನುಗಳು ಎರಡು ಚೌಕ ಒಂದಕ್ಕೊಂದು ತಿರುಗಿದ ವಿನ್ಯಾಸದಾಗ ಹೆಣೆದುಕೊಂಡಾವ, ಅಲ್ಲಿ ಎನ್ ಅಂದರ 8. ಅದೇ ಸೂತ್ರಕ್ಕ ಹಾಕಿದರ 135.

ಮಕ್ಕಳಿಗೆ 24 ಅನ್ನೋ ಸಂಖ್ಯೆ ಮೊದಲೇ ಹೇಳಬ್ಯಾಡ್ರಿ. ಗುಡಿಯ ಮುಂದಿನ ಭಾಗ ಗರ್ಭಗುಡಿಗೆ ಕೂಡೋ ಕಡೆ ಕೆಲವು ಮೂಲೆ ಮುಚ್ಚಿಹೋಗ್ಯಾವ, ಸುತ್ತ ನಡೆದು ಎಣಿಸಿದರ ಪೂರ್ತಿ ಲೆಕ್ಕ ಸಿಗೂದಿಲ್ಲ. ಒಂದು ಸಂದಿಯ ಕೋನ ಅಳೆದು ಸಮೀಕರಣ ಬಿಡಿಸಿದರೇ ಎನ್ ಸಿಗಬೇಕು. ಎರಡು ರಟ್ಟಿನ ಪಟ್ಟಿ ಒಂದು ತುದಿಗೆ ಗುಂಡಿಪಿನ್ನು ಚುಚ್ಚಿ ಕೂಡಿಸಿದರ ಕೋನ ಹಿಡಿಯೋ ಸಾಧನ ತಯಾರು. ಗೋಡಿಯ ಬುಡದ ಪಟ್ಟಿಕೆಗೆ ಹಚ್ಚಿ, ಹಾಗೇ ತಂದು ಹಾಳಿ ಮ್ಯಾಲೆ ಇಟ್ಟು ಅಳೀರಿ. 104 ಬಂದರ ಎನ್ ಸುಮಾರು 25.7, 106 ಬಂದರ 22.5. ಚೌಕದಿಂದ ಹುಟ್ಟಿದ ನಕ್ಷತ್ರ ಆದ್ದರಿಂದ ಎನ್ 4ರ ಗುಣಕ ಆಗಲೇಬೇಕು. ಈ ಎರಡರ ನಡುವ 4ರ ಗುಣಕ ಯಾವುದು ಅಂತ ಮಕ್ಕಳೇ ಹೇಳಲಿ. ಮೂಲೆ ಮುಚ್ಚಿದ್ದರೂ ಎಣಿಕೆ ಸಿಕ್ಕಿತಲ್ಲ, ಅದು ಬೀಜಗಣಿತದ ಶಕ್ತಿ.

ಸಂರಕ್ಷಿತ ಗುಡಿ, ಕಲ್ಲಿನ ಮ್ಯಾಲೆ ಸೀಮೆಸುಣ್ಣದ ಗೆರಿ ಸಹ ಎಳೀಬಾರದು ಅಂತ ಕಟ್ಟುನಿಟ್ಟಾಗಿ ಹೇಳ್ರಿ.

ಬಿ.ಎಡ್. ವಿದ್ಯಾರ್ಥಿ, ತುಮಕೂರು

ಸರ್, 90 + 360/ಎನ್ ಓದಿದ ಕೂಡಲೇ ಜಿಯೋಜಿಬ್ರಾ ಎಂಬ ಗಣಿತ ಚಿತ್ರ ಬರೆಯುವ ತಂತ್ರಾಂಶದಲ್ಲಿ ಮಾಡಿ ನೋಡಿದೆ. ಎನ್‌ಗೆ ಒಂದು ಸ್ಲೈಡರ್ ಇಟ್ಟು ಎಳೆದರೆ ಚೌಕಗಳು ಹೆಚ್ಚಾಗುತ್ತ ಹೋಗಿ ಸಂದಿಯ ಕೋನ 90ರ ಹತ್ತಿರ ಬರುವುದು ಕಣ್ಣಿಗೇ ಕಾಣುತ್ತದೆ.

ಟೀಚರ್, ನೀವು ಕೇಳಿದ ಸಾಮಗ್ರಿಗಳು: ಜಿಯೋಜಿಬ್ರಾ ಉಚಿತ, ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ನೆಟ್ ಇಲ್ಲದೆ ನಡೆಯುತ್ತದೆ. ಪ್ರಮೇಯಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ತ್ರಿಭುಜದ ಒಂದು ಶೃಂಗ ಹಿಡಿದು ಎಳೆದರೆ ಆಕಾರ ಬದಲಾಗುತ್ತದೆ, ಥೇಲ್ಸ್ ಪ್ರಮೇಯದ ಅನುಪಾತ (ಒಂದು ಬಾಹುವಿಗೆ ಸಮಾಂತರವಾದ ಗೆರೆ ಉಳಿದೆರಡು ಬಾಹುಗಳನ್ನು ಭಾಗಿಸುವ ಅನುಪಾತ) ಮಾತ್ರ ಬದಲಾಗುವುದಿಲ್ಲ. ತಲೆಕೆಳಗಾದ ತ್ರಿಭುಜದ ಭಯಕ್ಕೆ ಇದೇ ಔಷಧಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನ ಪಾಠ ತೆರೆಯುತ್ತದೆ. ನೆಟ್‌ವರ್ಕ್ ಇರುವಲ್ಲಿ ಡೌನ್‌ಲೋಡ್ ಮಾಡಿಕೊಂಡು ಶಾಲೆಗೆ ತನ್ನಿ. ಖಾನ್ ಅಕಾಡೆಮಿಯಲ್ಲಿ ಕನ್ನಡದ ಗಣಿತ ವಿಡಿಯೋಗಳಿವೆ. ಶಿಕ್ಷಕರಿಗಾಗಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣದಲ್ಲಿ ಅಧ್ಯಾಯವಾರು ಚಟುವಟಿಕೆಗಳು ಕನ್ನಡದಲ್ಲೇ ಸಿಗುತ್ತವೆ. ಇಷ್ಟು ಸಾಕು. ಹತ್ತು ಚಾನೆಲ್ ತೋರಿಸಿದರೆ ಮಕ್ಕಳು ಯಾವುದನ್ನೂ ಪೂರ್ತಿ ನೋಡುವುದಿಲ್ಲ.

ಪಿಯು ಹುಡುಗಿ, ಸೈನ್ಸ್

ಟೀಚರ್, ನಾನು ಎಸ್‌ಎಸ್‌ಎಲ್‌ಸಿ ಓದುವಾಗ ಪ್ರಮೇಯಗಳಿಗೆ ಮಾಡಿದ ರೀತಿ ಹೇಳ್ತೀನಿ. ಪುಸ್ತಕ ಮುಚ್ಚಿ ಪ್ರಮೇಯದ ಹೇಳಿಕೆ ಒಂದನ್ನೇ ಬರೆದುಕೊಂಡು, ಅದನ್ನು ಓದಿ ಚಿತ್ರ ನಾನೇ ಬರೀತಿದ್ದೆ. ಪ್ರತಿ ಸಲ ಬೇರೆ ಅಕ್ಷರ, ಬೇರೆ ದಿಕ್ಕು. ಆಮೇಲೆ ಸಾಧನೆಯ ಪ್ರತಿ ಸಾಲಿನ ಪಕ್ಕ ಕಾರಣ ಬರೆಯೋದು. ಕಾರಣ ಗೊತ್ತಿಲ್ಲದ ಸಾಲು ಸಿಕ್ಕರೆ ಅಲ್ಲೇ ನಿಂತು ಸರ್ ಹತ್ರ ಕೇಳ್ತಿದ್ದೆ. ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ, ಅದನ್ನ ಕೊನೇ ತಿಂಗಳಿಗೆ ಇಟ್ಟುಕೊಳ್ಳಬೇಡಿ ಅಂತ ಮಕ್ಕಳಿಗೆ ಹೇಳಿ. ಒಂದೊಂದು ಪಾಠ ಮುಗಿದ ಕೂಡಲೇ ಆ ಪಾಠದ ಪ್ರಶ್ನೆಗಳನ್ನು ಮಾತ್ರ ಆರಿಸಿ ಮಾಡಿದರೆ ಮರೆಯೋದಿಲ್ಲ.

ಮುಂಡರಗಿ ಗಣಿತ ಟೀಚರ್

ಮೂವರಿಗೂ ಧನ್ಯವಾದ. ಡಂಬಳದ ಗುಡಿಯನ್ನು ಎಷ್ಟೋ ಸಲ ನೋಡಿದ್ದರೂ ಅದರಲ್ಲಿ ಹತ್ತನೇ ತರಗತಿಯ ಸಮೀಕರಣ ಇದೆ ಅಂತ ಈಗ ಕಾಣುತ್ತಿದೆ. ಸರ್, ಎರಡು ಅನುಮಾನ. ಕೆಲವು ಹೆಣ್ಣುಮಕ್ಕಳನ್ನು ಮನೆಯವರು ಊರು ಬಿಟ್ಟು ಕಳಿಸುವುದಿಲ್ಲ. ಅವರಿಗೆ ಇಷ್ಟೇ ತೂಕದ ಕೆಲಸ ಶಾಲೆಯ ಹತ್ತಿರವೇ ಆಗಬೇಕು. ಇನ್ನೊಂದು, ಗುಂಪಿನಲ್ಲಿ ಒಬ್ಬರು ಮಾಡಿ ಉಳಿದವರು ನಕಲು ಮಾಡಿದರೆ ಅಂಕ ಹೇಗೆ ಕೊಡಲಿ?

ಗದಗ ಮಾಸ್ತರ (ನಿವೃತ್ತ)

ಮೊದಲು ಆ ಹುಡುಗಿಯರ ಕೆಲಸ ಹೇಳತೀನಿ, ಅವರದು ಕಡಿಮೆ ದರ್ಜೆಯ ಪ್ರಾಜೆಕ್ಟ್ ಅನ್ನಿಸಬಾರದು. ನಮ್ಮ ಕಡೆ ಎರೆಹೊಲದಾಗ ಗಾಳಿ ಫ್ಯಾನ್ ನಿಂತಾವಲ್ಲ, ಅದರ ಎತ್ತರ ಅಳೆಯಲಿ. ಬುಡಕ್ಕ ಹೋಗೂದು ಬ್ಯಾಡ, ಅಲ್ಲೇ ಅದರ ಸೊಗಸು. ಕೋನಮಾಪಕದ ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿ, ನಡುವಿನ ತೂತಿನಿಂದ ದಾರ ಇಳಿಬಿಟ್ಟು ತುದಿಗೆ ನಟ್ಟು ಕಟ್ಟಬೇಕು. ಸ್ಟ್ರಾದಾಗ ರೆಕ್ಕೆಗಳು ಕೂಡೋ ನಡುಗುಂಬ ಕಾಣೂ ಹಂಗ ಹಿಡಿದಾಗ ದಾರ 90ರಿಂದ ಎಷ್ಟು ಸರಿದದ ಅದೇ ಉನ್ನತ ಕೋನ. 45 ಡಿಗ್ರಿ ಸಿಗೋ ಜಾಗಕ್ಕ ಒಂದು ಗೂಟ. ನೇರ ಹಿಂದಕ್ಕ ನಡೆದು 30 ಸಿಕ್ಕಲ್ಲಿ ಇನ್ನೊಂದು ಗೂಟ. ಎತ್ತರ ಎಚ್ ಆದರ ಮೊದಲ ಗೂಟ ಬುಡದಿಂದ ಎಚ್ ದೂರ, ಎರಡನೇದು ಎಚ್ ಗುಣಿಸು ವರ್ಗಮೂಲ 3. ಎರಡರ ವ್ಯತ್ಯಾಸ ಟೇಪಿನಿಂದ ಅಳೆದ ದೂರಕ್ಕ ಸಮ. ಆ ದೂರ 50 ಮೀಟರ್ ಬಂದರ ಎಚ್ ಸುಮಾರು 68.3 ಮೀಟರ್, ಅದಕ್ಕ ಅಳೆದವಳ ಕಣ್ಣಿನ ಎತ್ತರ ಕೂಡಿಸಬೇಕು. ನೆಲ ಸಪಾಟ ಇರಬೇಕು, ಗುಡ್ಡದ ಮ್ಯಾಲಿನ ಫ್ಯಾನ್ ತಗೋಬ್ಯಾಡ್ರಿ, ಗುಡ್ಡದ ಎತ್ತರವೂ ಸೇರಿಬಿಡತದ. ಹತ್ತಿರ ಫ್ಯಾನ್ ಇಲ್ಲ ಅಂದರ ಮೊಬೈಲ್ ಟವರ್ ನಡೀತದ.

ಕೋನ ಒಂದು ಡಿಗ್ರಿ ತಪ್ಪಿದರ ಉತ್ತರ ಎಷ್ಟು ಬದಲಾಗತದ ಅಂತಲೂ ಬರೆಸ್ರಿ. 45ರ ಬದಲು 46 ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿದರ ಸಾಕು. ಸರಿ ಉತ್ತರಕ್ಕಿಂತ ಆ ಪುಟಕ್ಕ ನಾನು ಹೆಚ್ಚು ಅಂಕ ಕೊಡತಿದ್ದೆ.

ನಕಲಿನ ಮಾತು. ಒಂದೇ ಗುಂಪಿನ ಪ್ರತಿ ಮಗುವಿಗೂ ಬೇರೆ ಸಂಖ್ಯೆ ಕೊಡ್ರಿ. ನಕ್ಷತ್ರದ ಕೆಲಸದಾಗ ಒಬ್ಬಳಿಗೆ ಎನ್ ಅಂದರ 12, ಇನ್ನೊಬ್ಬಗ 16, ಮತ್ತೊಬ್ಬಗ 24. ಫ್ಯಾನಿನ ಕೆಲಸದಾಗ ಪ್ರತಿ ಮಗು ಬೇರೆ ಜಾಗದಾಗ ಗೂಟ ಹೊಡೀಲಿ. ಅಳತೆ ಹೊಲದಾಗೇ ಪೆನ್ನಿನಿಂದ ಬರೀಬೇಕು, ತಿದ್ದಿದ್ದು ಇದ್ದರ ಇರಲಿ, ಫೇರ್ ಕಾಪಿ ಬ್ಯಾಡ. ಕೊನೆಗೆ ಒಬ್ಬೊಬ್ಬರನ್ನೇ ಕರೆದು ಅವರದೇ ಹಾಳಿಯ ಒಂದು ಸಾಲಿಗೆ ಬೆರಳಿಟ್ಟು "ಇದು ಯಾಕ?" ಅಂತ ಕೇಳ್ರಿ. ಅಂಕ ಅಲ್ಲೇ ಗೊತ್ತಾಗತದ.

ಡಂಬಳಕ್ಕ ಹೋಗೋ ದಿನ ಗೊತ್ತಾದರ ಇಲ್ಲೇ ಬರೀರಿ. ರಟ್ಟಿನ ಪಟ್ಟಿ ಒಂದು ಗೇಣಿಗಿಂತ ಉದ್ದ ಬ್ಯಾಡ, ಗೋಡಿಯ ಸಂದಿ ಚಿಕ್ಕವು, ಉದ್ದ ಪಟ್ಟಿ ಪಕ್ಕದ ಮೂಲೆಗೆ ತಾಗಿ ಕೋನ ತಪ್ಪತದ.